ಇಂಗ್ಲೆಂಡಿನಲ್ಲಿ ಫೌಂಡೇಶನ್ ಇಯರ್ ಮಾಡಿ ಸೋಶಿಯಾಲಜಿ ಓದೋದು ದಂಡವಾ?

ನಿಮ್ಮ ಪ್ರಶ್ನೆ ಓದಿದೆ. ಗಂಡನ ಜೊತೆ ಬಂದ ಡಿಪೆಂಡೆಂಟ್ ವೀಸಾ, ಪಿಯುಸಿಯಲ್ಲಿ 52 ಪರ್ಸೆಂಟ್, ನಾಲ್ಕು ವರ್ಷದ ಮಗು, ಕೈಯಲ್ಲಿ ಸೆಪ್ಟೆಂಬರ್‌ನ ಸೀಟು, ಅಕ್ಟೋಬರ್ 14ಕ್ಕೆ ಇಲ್ಲಿಗೆ ಬಂದು ಐದು ವರ್ಷ ತುಂಬುತ್ತದೆ. ಇದನ್ನು ನೀವು ಬರೆದಿದ್ದೋ ನಾನು ಬರೆದಿದ್ದೋ ಅಂತ ಎರಡು ಸಲ ನೋಡಿದೆ. ನನ್ನದು ಪಿಯುಸಿಯಲ್ಲಿ 49. ಅಷ್ಟೇ ವ್ಯತ್ಯಾಸ.

ಫೌಂಡೇಶನ್ ಇಯರ್ (ಡಿಗ್ರಿಗೆ ಮುಂಚಿನ ತಯಾರಿ ವರ್ಷ) ದಡ್ಡರಿಗಾ, ಅದರ ಬದಲು ಆಕ್ಸೆಸ್ ಕೋರ್ಸ್ (ಡಿಗ್ರಿಗೆ ಸೇರಲು ಬೇರೆಯಾಗಿ ಮಾಡುವ ತಯಾರಿ ಕೋರ್ಸ್) ಮಾಡಲಾ, ಸೋಶಿಯಾಲಜಿ ಓದಿದರೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ಅದೆಲ್ಲ ಆಮೇಲೆ. ನಾನು ಬಿದ್ದ ಗುಂಡಿ ನಿಮ್ಮ ಕಾಲಿನ ಮುಂದೆಯೇ ಇದೆ, ನಿಮಗೆ ಅದು ಕಂಡೇ ಇಲ್ಲ.

2013ರ ಸೆಪ್ಟೆಂಬರ್ 20ಕ್ಕೆ ನಾನು ಹೀಥ್ರೂದಲ್ಲಿ ಇಳಿದೆ. ಯಜಮಾನರಿಗೆ ಸಾಫ್ಟ್‌ವೇರ್ ಕೆಲಸ, ಮಿಲ್ಟನ್ ಕೀನ್ಸ್‌ನಲ್ಲಿ ಬಾಡಿಗೆ ಮನೆ. ಊರು ತುಂಬ ರೌಂಡಬೌಟು. ಮೊದಲ ಆರು ತಿಂಗಳು ನಾನು ಎಲ್ಲಿಗೆ ಹೊರಟರೂ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದೆ. ಮಗಳು ಹುಟ್ಟಿದಳು, ನರ್ಸರಿಗೆ ಹೋದಳು. ಆ ನರ್ಸರಿಯ ಗೇಟಿನ ಹತ್ತಿರ ಸಿಕ್ಕ ಒಬ್ಬ ತಾಯಿ 38ನೇ ವಯಸ್ಸಿನಲ್ಲಿ ಡಿಗ್ರಿ ಮಾಡುತ್ತಿದ್ದರು. ಎ ಲೆವೆಲ್ (ಇಲ್ಲಿಯ ಪಿಯುಸಿ ಅನ್ನಿ) ಇಲ್ಲದವರೂ ಸೇರಬಹುದು, ಮೊದಲು ಒಂದು ತಯಾರಿ ವರ್ಷ, ಆಮೇಲೆ ಮೂರು ವರ್ಷ ಡಿಗ್ರಿ, ಎಲ್ಲ ಒಂದೇ ಅಡ್ಮಿಷನ್‌ನಲ್ಲಿ ಅಂತ ಅವರೇ ಹೇಳಿದ್ದು.

ಸೋಶಿಯಾಲಜಿ ಯಾಕೆ ಅಂದರೆ, ನಮ್ಮ ಕನ್ನಡದವರ ಗೆಟ್‌ಟುಗೆದರ್‌ಗಳೇ ಕಾರಣ. ಹೊಸಬರು ಬಂದ ಕೂಡಲೇ ಯಾರಾದರೂ "ನೀವು ಯಾವ ಕಡೆಯವರು?" ಅಂತ ಕೇಳುತ್ತಾರೆ. ಮೈಸೂರು ಅಂದರೆ ಸಾಲದು, "ಮೈಸೂರಲ್ಲಿ ಯಾವ ಕಡೆ?" ಅಂತ ಇನ್ನೊಂದು ಸಲ. ಕೇಳುತ್ತಿರುವುದು ಊರನ್ನಲ್ಲ ಅಂತ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ವಿಮಾನದಲ್ಲಿ ಹತ್ತು ಗಂಟೆ ಹಾರಿ ಬಂದರೂ ಇದು ಹೇಗೆ ನಮ್ಮ ಜೊತೆಗೇ ಬಂತು ಅಂತ ನನಗೆ ತಲೆ ಕೆಡುತ್ತಿತ್ತು.

2018ರ ಆಗಸ್ಟ್ 16, ಎ ಲೆವೆಲ್ ರಿಸಲ್ಟ್ ದಿನ. ಆ ಹೊತ್ತಿಗೆ ಉಳಿದ ಸೀಟುಗಳನ್ನು ಕ್ಲಿಯರಿಂಗ್‌ನಲ್ಲಿ ಕೊಡುತ್ತಿರುತ್ತಾರೆ. ನಾನು ಒಂದು ಯೂನಿವರ್ಸಿಟಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಸೋಶಿಯಾಲಜಿ ಯಾಕೆ ಅಂದರು, ಮೇಲಿನ ಕಥೆಯನ್ನೇ ಹೇಳಿದೆ. ನಕ್ಕರು. ಇಲ್ಲಿ ಮೂರು ವರ್ಷದಿಂದ ಇದ್ದೀರಾ ಅಂತ ಕೇಳಿದರು. ಐದು ಅಂದೆ. ಇಪ್ಪತ್ತು ನಿಮಿಷದಲ್ಲಿ ಸೀಟು ಸಿಕ್ಕಿತು. ಫೀಸಿನ ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಇಲ್ಲಿಂದ ನಿಧಾನವಾಗಿ ಓದಿ. ಎರಡು ಸಲ ಓದಿದರೂ ತಪ್ಪಿಲ್ಲ.

ಆಗ ಹೋಮ್ ಫೀಸು, ಅಂದರೆ ಇಲ್ಲಿಯವರಿಗಿರುವ ಫೀಸು, ವರ್ಷಕ್ಕೆ 9,250 ಪೌಂಡ್, ಅದಕ್ಕೆ ಸರ್ಕಾರದಿಂದ ಪೂರ್ತಿ ಸಾಲ ಸಿಗುತ್ತಿತ್ತು. ನಾನು ಸೇರಿದ ಕಡೆ ಓವರ್‌ಸೀಸ್ ಫೀಸು 13,000 ಚಿಲ್ಲರೆ, ಅದಕ್ಕೆ ಸಾಲ ಇಲ್ಲ. ನಮ್ಮಂಥವರು ಹೋಮ್ ಆಗಬೇಕಾದರೆ ಎರಡು ಬೇಕು. ಮೂರು ವರ್ಷ ಇಲ್ಲಿ ವಾಸ ಇದ್ದಿರಬೇಕು, ಜೊತೆಗೆ ಸೆಟಲ್ಡ್ ಆಗಿರಬೇಕು, ಅಂದರೆ ಇಲ್ಲೇ ಕಾಯಂ ಆಗಿ ಇರುವ ಅನುಮತಿ, ಐಎಲ್‌ಆರ್ ಕೈಗೆ ಬಂದಿರಬೇಕು. ಯಾವತ್ತಿಗೆ? ಎಲ್ಲರೂ ಕ್ಲಾಸ್ ಶುರುವಾಗುವ ದಿನಕ್ಕೆ ಅಂದುಕೊಳ್ಳುತ್ತಾರೆ. ಅಲ್ಲ. ಆಗಸ್ಟ್‌ನಿಂದ ಡಿಸೆಂಬರ್ ಒಳಗೆ ಶುರುವಾಗುವ ಕೋರ್ಸುಗಳಿಗೆಲ್ಲ ಕಾನೂನಿನ ಲೆಕ್ಕದಲ್ಲಿ ಒಂದೇ ತಾರೀಖು: ಸೆಪ್ಟೆಂಬರ್ 1. ನಿಮ್ಮ ಮೊದಲ ಕ್ಲಾಸ್ 24ಕ್ಕಿರಲಿ, ಅಕ್ಟೋಬರ್ 8ಕ್ಕಿರಲಿ, ಅದು ಲೆಕ್ಕಕ್ಕಿಲ್ಲ.

ಇನ್ನೊಂದಿದೆ. ಡಿಗ್ರಿಗೆ ಅಂಟಿಕೊಂಡ ಫೌಂಡೇಶನ್ ಇಯರ್ ಬೇರೆ ಕೋರ್ಸ್ ಅಲ್ಲ. ನಾಲ್ಕೂ ವರ್ಷ ಸೇರಿ ಒಂದೇ ಕೋರ್ಸ್. ಹಾಗಾಗಿ ಮೊದಲ ವರ್ಷದ ಆ ಸೆಪ್ಟೆಂಬರ್ 1ರಂದು ನೀವು ಏನಾಗಿದ್ದಿರೋ ಅದೇ ನಾಲ್ಕೂ ವರ್ಷಕ್ಕೆ. ಮಾರನೇ ದಿನ ಐಎಲ್‌ಆರ್ ಬಂದರೂ ಮುಂದಿನ ವರ್ಷ ನೀವು ಹೋಮ್ ಆಗುವುದಿಲ್ಲ.

ಈಗ ನನ್ನ ಲೆಕ್ಕ ನೋಡಿ. ಐಎಲ್‌ಆರ್‌ಗೆ ಬೇಕಾದ ಐದು ವರ್ಷ ತುಂಬುವುದು ಸೆಪ್ಟೆಂಬರ್ 20ಕ್ಕೆ. 28 ದಿನ ಮುಂಚೆಯೇ ಅರ್ಜಿ ಹಾಕಬಹುದು, ಅಂದರೆ ಆಗಸ್ಟ್ 23ರಿಂದ. ಆರುನೂರು ಪೌಂಡ್ ಆಸುಪಾಸು ಜಾಸ್ತಿ ಕಟ್ಟಿದರೆ ಕ್ರಾಯ್ಡನ್‌ನ ವೀಸಾ ಆಫೀಸಿಗೆ ಹೋಗಿ ಅವತ್ತೇ ತೀರ್ಮಾನ ತರಬಹುದಿತ್ತು. ನಾವು ಅದನ್ನೂ ಕಟ್ಟಲು ತಯಾರಿದ್ದೆವು. ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಐಎಲ್‌ಆರ್‌ಗೆ ಬೇಕಾದ ಲೈಫ್ ಇನ್ ದಿ ಯುಕೆ ಪರೀಕ್ಷೆ ಮುಗಿದಿತ್ತು, ಫೈಲ್ ಜೋಡಿಸಿ ಇಟ್ಟಿದ್ದೆ. ಅಪಾಯಿಂಟ್‌ಮೆಂಟ್ ಎರಡು ದಿನಕ್ಕೆ ಖಾಲಿ ಇತ್ತು: ಆಗಸ್ಟ್ 29 ಮತ್ತು ಸೆಪ್ಟೆಂಬರ್ 18.

ಯಜಮಾನರಿಗೆ ಆಫೀಸಿನಲ್ಲಿ ಆಗಸ್ಟ್ ಕೊನೆಗೆ ಸಾಫ್ಟ್‌ವೇರ್ ರಿಲೀಸ್. ಮಂಡ್ಯದಿಂದ ಅತ್ತೆ ಫೋನಿನಲ್ಲಿ, "ಗೌರಿ ಗಣೇಶ ಮುಗಿಸ್ಕೊಂಡು ಹೋಗಿ, ವಿಘ್ನ ಬರಲ್ಲ" ಅಂದರು. ಆ ವರ್ಷ ಗಣೇಶ ಹಬ್ಬ ಸೆಪ್ಟೆಂಬರ್ 13ಕ್ಕೆ. ನಾನೂ ಬೆರಳು ಮಡಚಿ ಎಣಿಸಿದೆ. ಕ್ಲಾಸ್ 24ಕ್ಕೆ, 18ಕ್ಕೆ ಹೋದರೂ ಆರು ದಿನ ಕೈಯಲ್ಲಿರುತ್ತದೆ ಅಲ್ವಾ? 18ನ್ನು ಒತ್ತಿದ್ದು ನನ್ನದೇ ಬೆರಳು. ಆಮೇಲೆ ಒಂದು ವರ್ಷ ಮನಸ್ಸಿನಲ್ಲೇ ಅತ್ತೆಯನ್ನು ಬೈದುಕೊಂಡೆ, ಪಾಪ.

18ಕ್ಕೆ ಐಎಲ್‌ಆರ್ ಸಿಕ್ಕಿತು. ಖುಷಿಗೆ ಅಲ್ಲೇ ಮಸಾಲೆ ದೋಸೆ ತಿಂದು ಬಂದೆವು. ಆಗಲೇ ಹದಿನೇಳು ದಿನ ತಡವಾಗಿದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಅಕ್ಟೋಬರ್ ಎರಡನೇ ವಾರ ಕಾಗದ ಬಂತು. ಓವರ್‌ಸೀಸ್. ಸಾಲದ ಅರ್ಜಿಯೂ ಅದೇ ಕಾರಣಕ್ಕೆ ವಾಪಸ್. ಫೀಸ್ ಆಫೀಸಿಗೆ ಹೋಗಿ ಕಣ್ಣೀರು ಹಾಕಿದೆ. ಅಲ್ಲಿದ್ದ ಮನುಷ್ಯ ಒಳ್ಳೆಯವನು, ನಿಯಮವನ್ನು ಪ್ರಿಂಟ್ ತೆಗೆದು ತಾರೀಖಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟ. ಅವತ್ತೇ ಬಿಟ್ಟಿದ್ದರೆ ಸ್ವಲ್ಪವಾದರೂ ದುಡ್ಡು ಉಳಿಯುತ್ತಿತ್ತು. ಬಿಡಲಿಲ್ಲ. ಕ್ಲಾಸಿನ ರುಚಿ ಹತ್ತಿಬಿಟ್ಟಿತ್ತು. ಮನೆ ಕೊಳ್ಳಲು ಇಟ್ಟಿದ್ದ ಹಣದಿಂದ ಆರೂವರೆ ಸಾವಿರ ಪೌಂಡ್ ಕಟ್ಟಿ ಡಿಸೆಂಬರ್ ತನಕ ಓದಿದೆ. ಉಳಿದರ್ಧ ಕಟ್ಟುವ ಶಕ್ತಿ ಇರಲಿಲ್ಲ, ಬಿಟ್ಟೆ.

ಏಟು ಅಲ್ಲಿಗೂ ನಿಲ್ಲಲಿಲ್ಲ. ಸಾಲ ಎಷ್ಟು ವರ್ಷಕ್ಕೆ ಸಿಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಕೋರ್ಸಿನ ವರ್ಷ, ಅದಕ್ಕೆ ಒಂದು ಹೆಚ್ಚುವರಿ, ಅದರಿಂದ ಹಿಂದೆ ಓದಿದ ವರ್ಷಗಳನ್ನು ಕಳೆಯಬೇಕು. ಒಂದೇ ಟರ್ಮ್ ಓದಿ ಬಿಟ್ಟರೂ ಪೂರ್ತಿ ವರ್ಷ ಅಂತಲೇ ಹಿಡಿಯುತ್ತಾರೆ, ನೀವೇ ದುಡ್ಡು ಕಟ್ಟಿದ್ದರೂ ಅಷ್ಟೇ. ನನಗೆ ನಾಲ್ಕು ಕೂಡಿಸು ಒಂದು, ಕಳೆ ಒಂದು. ಸರಿಯಾಗಿ ನಾಲ್ಕು. ಫೇಲಾದರೆ ಮತ್ತೊಂದು ವರ್ಷ ಇಲ್ಲ. 2019ರಲ್ಲಿ ಬೇರೆ ಯೂನಿವರ್ಸಿಟಿಯಲ್ಲಿ ಫೌಂಡೇಶನ್ ಇಯರ್ ಮೊದಲಿನಿಂದ ಶುರು ಮಾಡಿ 2023ರಲ್ಲಿ ಮುಗಿಸುವ ತನಕ ಪ್ರತಿ ರಿಸಲ್ಟಿಗೂ ನನ್ನ ಕೈ ತಣ್ಣಗಾಗುತ್ತಿತ್ತು. ನಡುವೆ ಲಾಕ್‌ಡೌನ್ ಬೇರೆ. ಒಂದೇ ಊಟದ ಟೇಬಲ್ಲಿನ ಮೇಲೆ ಮಗಳ ಸ್ಕೂಲು ಈ ಕಡೆ, ನನ್ನ ಕ್ಲಾಸ್ ಆ ಕಡೆ.

ಇನ್ನು ದಡ್ಡರ ವಿಷಯ. ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ನಮ್ಮ ಫೌಂಡೇಶನ್ ಕ್ಲಾಸಿನಲ್ಲಿ ಹನ್ನೆರಡು ವರ್ಷ ಬಸ್ ಓಡಿಸಿದವರಿದ್ದರು, ಕೇರ್ ಹೋಮಿನಲ್ಲಿ ನೈಟ್ ಶಿಫ್ಟ್ ಮುಗಿಸಿ ನೇರ ಬರುವ ನೈಜೀರಿಯಾದ ಹೆಂಗಸಿದ್ದರು, ಎ ಲೆವೆಲ್ ಕೈಕೊಟ್ಟ 19ರ ಹುಡುಗರಿದ್ದರು. ನನ್ನ ಮೊದಲ ಪ್ರಬಂಧಕ್ಕೆ ಬಂದದ್ದು 42. ಪಾಸಿಗೆ 40. "ಕಥೆ ಚೆನ್ನಾಗಿದೆ, ವಾದ ಎಲ್ಲಿ?" ಅಂತ ಮೇಷ್ಟ್ರು ಬರೆದಿದ್ದರು. ಪಿಯುಸಿಯಲ್ಲಿ ನೋಟ್ಸ್ ಉರು ಹೊಡೆದು ಬರೆದವಳಿಗೆ ವಾದ ಅಂದರೆ ಜಗಳ ಅಂತಲೇ ಗೊತ್ತಿದ್ದದ್ದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮಾತಿನ ಎದುರು ನಿಲ್ಲಿಸಿ, ನಡುವೆ ನಮ್ಮ ಮಾತಿಗೆ ಜಾಗ ಮಾಡುವುದನ್ನು ಆ ವರ್ಷ ಕಲಿಸುತ್ತದೆ. (ಇಲ್ಲಿ 70 ಬಂದರೆ ಫಸ್ಟ್ ಕ್ಲಾಸ್. ಒಮ್ಮೆ 58 ಬಂತು ಅಂತ ಖುಷಿಯಿಂದ ಅಮ್ಮನಿಗೆ ಹೇಳಿದೆ, "ಪರವಾಗಿಲ್ಲ ಬಿಡು, ಮುಂದಿನ ಸಲ ನೋಡ್ಕೊ" ಅಂದರು.)

ಎರಡನೇ ಟರ್ಮಿನ ಓದಿನ ಪಟ್ಟಿಯಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಹೆಸರು ಕಂಡೆ. 1916ರಲ್ಲಿ ಮೈಸೂರಿನಲ್ಲೇ ಹುಟ್ಟಿದವರು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದು, ಅದಕ್ಕೆ ರಾಮಪುರ ಅಂತ ಹೆಸರಿಟ್ಟು ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು, ಆಮೇಲೆ ನೆನಪಿನ ಬಲದಿಂದಲೇ ಆ ಊರಿನ ಬಗ್ಗೆ ಪುಸ್ತಕ ಬರೆದರು. ಡಾಮಿನೆಂಟ್ ಕಾಸ್ಟ್, ಅಂದರೆ ಊರಿನ ಪ್ರಬಲ ಜಾತಿ, ಅನ್ನುವ ವಿಚಾರವನ್ನು ಬಳಕೆಗೆ ತಂದವರು ಇವರು. ಯಾರ ಕೈಯಲ್ಲಿ ಗದ್ದೆ ಇದೆ, ಊರಿನಲ್ಲಿ ಯಾರ ತಲೆ ಜಾಸ್ತಿ, ನ್ಯಾಯ ಯಾರ ಜಗಲಿಯ ಮೇಲೆ ತೀರ್ಮಾನವಾಗುತ್ತದೆ, ಯಾರು ಅಂಗಳದಲ್ಲೇ ನಿಲ್ಲುತ್ತಾರೆ. ನಮ್ಮ ಅಜ್ಜಿ ಮನೆಯ ಜಗಲಿ ಕಣ್ಣ ಮುಂದೆ ಬಂತು. ನಾನು ಸ್ಕೂಲಿಗೆ ಹೋಗುವ ಮೊದಲೇ ತಿಳಿದಿದ್ದ ಸಂಗತಿಗೆ ಒಂದು ಹೆಸರಿದೆ ಅಂತ ಇಂಗ್ಲೆಂಡಿನ ಲೈಬ್ರರಿಯಲ್ಲಿ ಕೂತು ಗೊತ್ತಾಯಿತು. ಅದರ ಮೇಲೆ ಬರೆದ ಪ್ರಬಂಧಕ್ಕೆ 68.

ನನ್ನ ಡಿಗ್ರಿ ಸರ್ಟಿಫಿಕೇಟಿನಲ್ಲಿ ಫೌಂಡೇಶನ್ ಅನ್ನುವ ಪದವೇ ಇಲ್ಲ. ಬಿಎ ಆನರ್ಸ್, ಸೋಶಿಯಾಲಜಿ, ಅಷ್ಟೇ.

ಆಕ್ಸೆಸ್ ಕೋರ್ಸೂ ಒಳ್ಳೆಯದೇ. ಅದನ್ನು ಹಿಡಿದು ಬೇರೆ ಬೇರೆ ಯೂನಿವರ್ಸಿಟಿಗೆ ಅರ್ಜಿ ಹಾಕಬಹುದು, ಅದಕ್ಕೆ ತೆಗೆದ ಸಾಲ ಮುಂದೆ ಡಿಗ್ರಿ ಮುಗಿಸಿದರೆ ಮನ್ನಾ ಆಗುತ್ತದೆ. ಆದರೆ ಚಿಕ್ಕ ಮಗು ಇದೆ, ಮನೆ ಹತ್ತಿರ ಒಂದೇ ಯೂನಿವರ್ಸಿಟಿ ಅಂದಿದ್ದೀರಿ. ಹಾಗಿದ್ದರೆ ಫೌಂಡೇಶನ್ನೇ ಸಾಕು. ಇಂಗ್ಲೆಂಡಿನಲ್ಲಿ 2025ರಿಂದ ಸೋಶಿಯಾಲಜಿಯಂಥ ವಿಷಯಗಳ ಫೌಂಡೇಶನ್ ಇಯರ್‌ಗೆ ಹೋಮ್ ಫೀಸು 5,760 ಪೌಂಡ್ ದಾಟುವ ಹಾಗಿಲ್ಲ. ನಮ್ಮ ಕಾಲಕ್ಕೆ ಅದಕ್ಕೂ 9,250 ಕಿತ್ತುಕೊಂಡರು.

ಕೆಲಸ? ನಾನು ಈಗ ಇಲ್ಲಿಯ ನಗರಸಭೆ ಅನ್ನಬಹುದಾದ ಒಂದು ಕೌನ್ಸಿಲ್‌ನಲ್ಲಿ, ಮನೆ ಇಲ್ಲದವರಿಗೆ ವಸತಿ ಹುಡುಕುವ ವಿಭಾಗದಲ್ಲಿದ್ದೇನೆ. ಸಂಬಳ ಯಜಮಾನರ ಅರ್ಧವೂ ಇಲ್ಲ. ಕೆಲಸ ಒಂದೇ ಗುರಿಯಾದರೆ ಅಕೌಂಟಿಂಗ್ ಓದಿ, ಸೋಶಿಯಾಲಜಿಗೆ ಬರಬೇಡಿ. ಸಾಲಕ್ಕೆ ಮಾತ್ರ ಹೆದರಬೇಡಿ. ಈಗ ಸೇರುವವರು ವರ್ಷಕ್ಕೆ 25,000 ಪೌಂಡ್ ಮೇಲಿನ ಸಂಬಳದಲ್ಲಿ ನೂರಕ್ಕೆ 9ರಂತೆ ಕಟ್ಟುತ್ತಾರೆ, 40 ವರ್ಷಕ್ಕೆ ಉಳಿದದ್ದು ಮನ್ನಾ.

ಈಗ ನಿಮ್ಮ ಲೆಕ್ಕ. ಅಕ್ಟೋಬರ್ 14ರಿಂದ 28 ದಿನ ಹಿಂದಕ್ಕೆ ಹೋದರೆ ಸೆಪ್ಟೆಂಬರ್ 16. ಬೇಗ ತೀರ್ಮಾನ ಕೊಡುವ ಸೂಪರ್ ಪ್ರಯಾರಿಟಿಗೆ ಇನ್ನೊಂದು ಸಾವಿರ ಪೌಂಡ್ ಸುರಿದರೂ ಸೆಪ್ಟೆಂಬರ್ 1ರ ಒಳಗೆ ನಿಮಗೆ ಐಎಲ್‌ಆರ್ ಬರುವುದಿಲ್ಲ. ನನಗಾದರೂ ದಾರಿ ಇತ್ತು, ನಿಮಗೆ ಇಲ್ಲ. ಆದ್ದರಿಂದ ಈ ಸೀಟು ತೆಗೆದುಕೊಳ್ಳಬೇಡಿ. ಮುಂದಕ್ಕೆ ಹಾಕಿ ಅಂತ ಕೇಳಿ. ಜನವರಿಯಲ್ಲಿ ಶುರುವಾಗುವ ಫೌಂಡೇಶನ್ ಇದ್ದರೆ ಅದಕ್ಕೆ ಲೆಕ್ಕದ ತಾರೀಖು ಜನವರಿ 1, ಇಲ್ಲದಿದ್ದರೆ ಮುಂದಿನ ಸೆಪ್ಟೆಂಬರ್. ಐಎಲ್‌ಆರ್ ಅನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಮಾತು 2025ರ ಮೇ ತಿಂಗಳಿಂದ ಇದೆ. ನೀವು ಅರ್ಜಿ ಹಾಕುವ ದಿನ ಯಾವ ನಿಯಮ ಇರುತ್ತದೆ ಅಂತ ಮೊದಲು ನೋಡಿಕೊಳ್ಳಿ, ಅದು ಬದಲಾದರೆ ನನ್ನ ಈ ಕೂಡು ಕಳೆ ಪೂರ್ತಿ ಬದಲಾಗುತ್ತದೆ.

"ಸೀಟು ಬಿಟ್ಟರೆ ಮತ್ತೆ ಸಿಗಲ್ಲ" ಅಂತ ನಿಮ್ಮ ಯಜಮಾನರು ಹೇಳುತ್ತಿದ್ದಾರೆ ಅಂದಿರಿ. ಫೌಂಡೇಶನ್ ಸೀಟು ಪ್ರತಿ ಆಗಸ್ಟ್‌ನಲ್ಲೂ ಕ್ಲಿಯರಿಂಗ್‌ಗೆ ಬರುತ್ತದೆ. ಕಾಯುವ ವರ್ಷದಲ್ಲಿ ಜಿಸಿಎಸ್‌ಇ (ಇಲ್ಲಿಯ ಎಸ್ಸೆಸ್ಸೆಲ್ಸಿ ಅನ್ನಿ) ಇಂಗ್ಲಿಷು, ಮ್ಯಾಥ್ಸು ಮುಗಿಸಿಕೊಳ್ಳಿ. ಮುಂದೆ ಟೀಚರ್ ಟ್ರೈನಿಂಗ್‌ಗೆ ಹೋಗುವ ಮನಸ್ಸಾದರೆ ಅದನ್ನು ಕೇಳುತ್ತಾರೆ. ಮಗುವೂ ಅಷ್ಟರಲ್ಲಿ ಇಡೀ ದಿನ ಸ್ಕೂಲಿನಲ್ಲಿರುತ್ತದೆ.

ಇವತ್ತೇ ಯೂನಿವರ್ಸಿಟಿಯ ಫೀಸ್ ಆಫೀಸಿಗೆ ಇಮೇಲ್ ಹಾಕಿ. ಇಲ್ಲಿಗೆ ಬಂದ ದಿನ, ಐಎಲ್‌ಆರ್‌ಗೆ ಅರ್ಜಿ ಹಾಕಬಹುದಾದ ದಿನ, ಕೋರ್ಸ್ ಶುರುವಾಗುವ ದಿನ, ಮೂರನ್ನೂ ಬರೆದು, ನಾನು ಹೋಮಾ ಓವರ್‌ಸೀಸಾ ಅಂತ ನೇರವಾಗಿ ಕೇಳಿ. ಉತ್ತರ ಬರಹದಲ್ಲೇ ಬರಬೇಕು, ಫೋನಿನಲ್ಲಿ ಹೇಳಿದ್ದು ನಡೆಯಲ್ಲ. ಇಂಗ್ಲಿಷ್ ಕರಡು ಬೇಕಿದ್ದರೆ ಕೆಳಗೆ ಹೇಳಿ, ನಾನು ಬರೆದದ್ದು ಇನ್ನೂ ಇದೆ. ಅದರ ಮೇಲಿನ ತಾರೀಖು ಮಾತ್ರ 2018ರ ಅಕ್ಟೋಬರ್.