ಹುಬ್ಳಿಗೆ ಹೋಗೋವಾಗ ಮೈಲೇಜ್ ಕಮ್ಮಿ, ವಾಪಸ್ ಬರೋವಾಗ ಜಾಸ್ತಿ, ಯಾಕೆ?

ಪ್ರಶ್ನೆ: ಸರ್ ನಮಸ್ತೆ, ಜುಲೈನಲ್ಲಿ ಫ್ಯಾಮಿಲಿ ಜೊತೆ ಬೆಂಗಳೂರಿಂದ ಹುಬ್ಳಿಗೆ ಕಾರಲ್ಲಿ ಹೋಗಿದ್ವಿ. ಟಾಪ್ ಕ್ಯಾರಿಯರ್ ಮೇಲೆ ಲಗೇಜ್ ಇತ್ತು, ಸ್ಪೀಡ್ 100ರ ಆಸುಪಾಸು. ಹೋಗೋವಾಗ ಮೈಲೇಜ್ ತುಂಬಾ ಬಿತ್ತು, ಅದೇ ಸ್ಪೀಡಲ್ಲಿ ಅದೇ ಲಗೇಜ್ ಇಟ್ಕೊಂಡು ವಾಪಸ್ ಬರೋವಾಗ ಚೆನ್ನಾಗ್ ಬಂತು. ಸರ್ವಿಸ್‌ನವ್ರು ಎಂಜಿನ್ ಸರಿಯಾಗಿದೆ ಅಂತಾರೆ. ಏನಿರಬಹುದು?

ಉತ್ತರ: ಎಂಜಿನ್ ಮೇಲೆ ಅನುಮಾನ ಬೇಡ ಸರ್, ಇದು ಆಷಾಢದ ಗಾಳಿ ಕೆಲ್ಸ. ಹುಬ್ಳಿ ಬೆಂಗಳೂರಿಗಿಂತ ತಗ್ಗಲ್ಲಿದೆ, ಆ ಲೆಕ್ಕಕ್ಕೆ ಹೋಗೋವಾಗ್ಲೇ ಮೈಲೇಜ್ ಸ್ವಲ್ಪ ಜಾಸ್ತಿ ಬರ್ಬೇಕಿತ್ತು, ಆದ್ರೆ ಮಳೆಗಾಲದಲ್ಲಿ ಗಾಳಿ ಪಡುವಣದ ಕಡೆಯಿಂದ ಬೀಸತ್ತೆ, ಚಿತ್ರದುರ್ಗದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಸಿಲ್ಲ, ನೀವು ಹೋಗಿದ್ದು ಆ ಗಾಳಿಗೆ ಎದುರಾಗಿ.

ಗಾಳಿ ತಡೆ ಸ್ಪೀಡಿನ ವರ್ಗಕ್ಕೆ ತಕ್ಕಂಗೆ ಏರತ್ತೆ. ಯಾಕಂದ್ರೆ ಸ್ಪೀಡ್ ಡಬಲ್ ಆದ್ರೆ ಒಂದು ಸೆಕೆಂಡಲ್ಲಿ ಎದುರಾಗೋ ಗಾಳಿನೂ ಡಬಲ್, ಆ ಗಾಳಿನ ಪಕ್ಕಕ್ಕೆ ದಬ್ಬೋ ವೇಗಾನೂ ಡಬಲ್, ಒಟ್ಟು ನಾಲ್ಕು ಪಟ್ಟು. ಇಲ್ಲಿ ಲೆಕ್ಕಕ್ಕೆ ಬರೋದು ಮೀಟರಲ್ಲಿ ಕಾಣೋ ಸ್ಪೀಡಲ್ಲ, ಗಾಳಿಗೂ ಕಾರಿಗೂ ನಡುವಿನ ಸ್ಪೀಡು. 20 ಕಿ.ಮೀ. ವೇಗದ ಗಾಳಿ ನೇರ ಎದುರು ಬಂತು ಅನ್ಕೊಳಿ, ಮೀಟರಲ್ಲಿ 100 ಇದ್ರೂ ಕಾರಿಗೆ ಅದು 120. ವಾಪಸ್ ಬರೋವಾಗ ಅದೇ ಗಾಳಿ ಹಿಂದಿನಿಂದ ಬಂದ್ರೆ ಬರೀ 80. ಈ ಎರಡರ ತಡೆ ಹೋಲಿಸಿದ್ರೆ ಹೋಗೋವಾಗ ಎರಡೂಕಾಲು ಪಟ್ಟು! ನಿಜದಲ್ಲಿ ಗಾಳಿ ಓರೆಯಾಗಿ ಬರತ್ತೆ, ವ್ಯತ್ಯಾಸ ಇಷ್ಟಿರಲ್ಲ, ಆದ್ರೂ ಟ್ಯಾಂಕಲ್ಲಿ ಗೊತ್ತಾಗೇ ಆಗತ್ತೆ.

ಇನ್ನು ಕ್ಯಾರಿಯರ್. ಗಾಳಿ ಮುಂದೆ ಬಂದು ಹೊಡೆಯೋದೇ ಸಮಸ್ಯೆ ಅಂತ ತುಂಬಾ ಜನ ತಿಳ್ಕೊಂಡಿದಾರೆ, ಆದ್ರೆ ಕಾರಿನ ಹಿಂದೆ ಆಗೋದೇ ದೊಡ್ಡ ನಷ್ಟ. ಮಣ್ಣು ರೋಡಲ್ಲಿ ಬಸ್ ಹೋದ್ಮೇಲೆ ಧೂಳು ಬಸ್ಸಿನ ಹಿಂದೇನೇ ಸುತ್ಕೊಂಡು ಹೋಗತ್ತಲ್ಲ, ಅಲ್ಲಿ ಗಾಳಿ ಒತ್ತಡ ಕಮ್ಮಿ ಇರತ್ತೆ, ಅದು ಬಸ್ಸನ್ನ ಹಿಂದಕ್ಕೆ ಎಳಿತಾ ಇರತ್ತೆ. ಕಾರಿನ ಟಾಪ್ ನುಣ್ಣಗೆ ಇಳಿಜಾರಾಗಿ ಮಾಡಿರೋದೇ ಈ ಎಳೆತ ಕಮ್ಮಿ ಆಗ್ಲಿ ಅಂತ, ನಾವು ಅದರ ಮೇಲೆ ಚೌಕಾಕಾರದ ಸೂಟ್‌ಕೇಸ್ ಕಟ್ಟಿದ್ರೆ ಆ ಶೇಪ್‌ಗೆ ಪಟ್ಟ ಶ್ರಮ ಎಲ್ಲಾ ಹಾಳು. ಆದಷ್ಟು ಲಗೇಜ್ ಡಿಕ್ಕಿಲಿಡಿ, ಏನೂ ಇಲ್ದಿದ್ದಾಗ ಖಾಲಿ ಕ್ಯಾರಿಯರನ್ನೂ ಬಿಚ್ಚಿಡಿ, ಆ ರಾಡುಗಳೂ ಮೈಲೇಜ್ ತಿಂತಾವೆ.

ಸ್ಪೀಡ್ ಬಗ್ಗೆ ನಾನು ಹೇಳೋದು, 80ರಿಂದ 90ರಲ್ಲೇ ಹೋಗಿ. 80ರಿಂದ 100ಕ್ಕೆ ಏರಿಸಿದ್ರೆ ಸ್ಪೀಡ್ ಹೆಚ್ಚೋದು ಬರೀ ಕಾಲು ಭಾಗ, ಗಾಳಿನ ತಳ್ಳೋಕೆ ಬೇಕಾದ ಪವರ್ ಮಾತ್ರ ಹತ್ತತ್ರ ಡಬಲ್. ಹೈವೇಲಿ ಗ್ಲಾಸ್ ಪೂರ್ತಿ ಇಳಿಸಿದ್ರೂ ತಡೆ ಜಾಸ್ತಿ ಆಗತ್ತೆ, ಸೆಕೆ ಇದ್ರೆ ಏಸಿ ಹಾಕ್ಕೊಳ್ಳಿ ಪರವಾಗಿಲ್ಲ. ಲಾರಿ ಹಿಂದೆ ಅಂಟ್ಕೊಂಡು ಹೋದ್ರೆ ಗಾಳಿ ತಡೆ ಕಮ್ಮಿ ಆಗೋದು ನಿಜ, ಆದ್ರೆ ದಯವಿಟ್ಟು ಆ ಕೆಲ್ಸ ಮಾಡ್ಬೇಡಿ, ಲಾರಿಯವ್ನು ಸಡನ್ ಬ್ರೇಕ್ ಹಾಕಿದ್ರೆ ನಿಮಗೆ ನಿಲ್ಸೋಕೆ ಜಾಗಾನೇ ಇರಲ್ಲ.