ಗಣಿ ತೆರೆದರೆ ಸಾಲದೇ?

ಅದಿರು ಅಮೆರಿಕದ ನೆಲದಲ್ಲೇ ಇರುವಾಗ ಅದರ ಸೇನೆ ಯುದ್ಧವಿಮಾನ ಮುಂತಾದವುಗಳ ಅಯಸ್ಕಾಂತಗಳಿಗೆ ಬೇಕಾದ ವಿರಳ ಭೂಲೋಹಗಳಿಗಾಗಿ (ರೇರ್ ಅರ್ತ್) ಚೀನಾದತ್ತ ಕೈಚಾಚುವುದೇಕೆ, ಸ್ವಂತ ಗಣಿ ತೆರೆದರೆ ಸಾಲದೇ ಎಂದು ಕೇಳಿದ್ದೀರಿ. ಗಣಿ ಈಗಾಗಲೇ ತೆರೆದಿದೆ. ತೊಡಕಿರುವುದು ಅದಿರು ಮೇಲೆ ಬಂದ ನಂತರ.

ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯು 1980ರ ದಶಕದವರೆಗೂ ಈ ಲೋಹಗಳ ಪೂರೈಕೆಯಲ್ಲಿ ಜಗತ್ತಿಗೇ ಮುಂದಿತ್ತು. ಚೀನಾದ ಅಗ್ಗದ ಸರಕಿನ ಎದುರು ನಿಲ್ಲಲಾರದೆ, ಮಾಲಿನ್ಯದ ತಕರಾರುಗಳೂ ಕೂಡಿಕೊಂಡು, 2002ರಲ್ಲಿ ಅದು ಮುಚ್ಚಿತು. ಮತ್ತೆ ತೆರೆದ ಮಾಲಿಕಾರ್ಪ್ ಕಂಪನಿ 2015ರಲ್ಲಿ ದಿವಾಳಿಯಾಯಿತು. ಬಳಿಕ ಬಂದ ಎಂಪಿ ಮೆಟೀರಿಯಲ್ಸ್ ಕೂಡ ಸಂಸ್ಕರಣೆಗಾಗಿ ಅದಿರನ್ನು ಬಹಳ ವರ್ಷ ಚೀನಾಕ್ಕೇ ಹಡಗಿನಲ್ಲಿ ಕಳುಹಿಸುತ್ತಿತ್ತು. ಅದು ನಿಂತದ್ದು 2025ರ ಏಪ್ರಿಲ್‌ನಲ್ಲಿ. ಚೀನಾಕ್ಕೆ ಕಳುಹಿಸಬೇಕಾಗಿದ್ದುದು ಏಕೆಂದರೆ, ನಿಯೋಡಿಮಿಯಂ, ಸಮೇರಿಯಂ, ಡಿಸ್ಪ್ರೋಸಿಯಂ ಮುಂತಾದ ಈ ಲೋಹಗಳು ಅದಿರಿನಲ್ಲಿ ಬೆರೆತೇ ಇರುತ್ತವೆ, ರಾಸಾಯನಿಕವಾಗಿ ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ಅದಿರನ್ನು ಆಮ್ಲದಲ್ಲಿ ಕರಗಿಸಿ, ದ್ರಾವಕದೊಂದಿಗೆ ಕಲಕಿ, ಎರಡು ಪದರಗಳಾಗಿ ಬೇರ್ಪಡಲು ಬಿಟ್ಟು, ಇದನ್ನೇ ನೂರಾರು ತೊಟ್ಟಿಗಳಲ್ಲಿ ಸಾಲಾಗಿ ಮಾಡಿದ ಮೇಲಷ್ಟೇ ಒಂದೊಂದೂ ಶುದ್ಧವಾಗಿ ಕೈಗೆ ಸಿಗುತ್ತದೆ. ಆಮೇಲೆ ಅದು ಮಿಶ್ರಲೋಹವಾಗಬೇಕು, ಅಯಸ್ಕಾಂತವಾಗಬೇಕು. ಈ ಎಲ್ಲ ಹಂತಗಳಲ್ಲೂ ಸಿಂಹಪಾಲು ಚೀನಾದ್ದೇ.

2022ರಲ್ಲಿ ಅಮೆರಿಕದ ಎಫ್-35 ಯುದ್ಧವಿಮಾನದಲ್ಲಿ ಎಂಜಿನ್ ಚಾಲೂ ಮಾಡಲು ಶಕ್ತಿ ಒದಗಿಸುವ ಟರ್ಬೊಮೆಷೀನ್‌ನ ತೈಲದ ಪಂಪ್‌ನಲ್ಲಿರುವ ಅಯಸ್ಕಾಂತಕ್ಕೆ ಬಳಸಿದ ಕೋಬಾಲ್ಟ್-ಸಮೇರಿಯಂ ಮಿಶ್ರಲೋಹ ಚೀನಾದ್ದೆಂದು ತಿಳಿದಾಗ, ಪೆಂಟಗನ್ ಹೊಸ ವಿಮಾನಗಳನ್ನು ಪಡೆಯುವುದನ್ನೇ ನಿಲ್ಲಿಸಿತು. ಕೆಲವೇ ವಾರಗಳಲ್ಲಿ ವಿನಾಯಿತಿ ಕೊಟ್ಟು ಅವೇ ವಿಮಾನಗಳನ್ನು ಸ್ವೀಕರಿಸಿತು. ಬೇರೆ ದಾರಿ ಇರಲಿಲ್ಲ.

ಗಣಿಯಿಂದ ಅಯಸ್ಕಾಂತದವರೆಗೆ ಎಲ್ಲಿಯೂ ಚೀನಾದ ಪಾಲು ಇರಕೂಡದೆಂಬ ನಿಯಮ ಅಮೆರಿಕದ ರಕ್ಷಣಾ ಖರೀದಿಗೆ 2027ರ ಜನವರಿಯಿಂದ ಅನ್ವಯಿಸುತ್ತದೆ. ಆದರೆ ನಿಷೇಧಕ್ಕಿಂತ ದರದ ಭರವಸೆಯೇ ಹೆಚ್ಚು ಕೆಲಸ ಮಾಡೀತೆಂದು ನನಗನಿಸುತ್ತದೆ. 2025ರ ಜುಲೈನಲ್ಲಿ ಪೆಂಟಗನ್ ಎಂಪಿ ಸಂಸ್ಥೆಯಲ್ಲಿ 40 ಕೋಟಿ ಡಾಲರ್ ಹೂಡಲು ಒಪ್ಪಿದ್ದಲ್ಲದೆ, ಅಯಸ್ಕಾಂತಕ್ಕೆ ಬೇಕಾದ ನಿಯೋಡಿಮಿಯಂ-ಪ್ರಸಿಯೋಡಿಮಿಯಂಗೆ 10 ವರ್ಷಗಳ ಕಾಲ ಕಿಲೋಗೆ 110 ಡಾಲರ್‌ಗಿಂತ ಕಡಿಮೆ ಸಿಗದಂತೆ ನೋಡಿಕೊಳ್ಳುವುದಾಗಿ ಮಾತು ಕೊಟ್ಟಿತು. ಅದು ಆಗಿನ ಮಾರುಕಟ್ಟೆ ದರದ ಹೆಚ್ಚುಕಡಿಮೆ ದುಪ್ಪಟ್ಟು. ತೆರಿಗೆದಾರರ ಹಣವನ್ನು ಒಂದೇ ಕಂಪನಿಗೆ ಕಟ್ಟುವುದು ತರವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಚೀನಾ ಬೆಲೆ ಇಳಿಸಿದ ಕೂಡಲೇ ಬಾಗಿಲು ಹಾಕುವ ಕಾರ್ಖಾನೆಯಿಂದ ಸೇನೆಗೇನು ಪ್ರಯೋಜನ? ಜಪಾನ್ ಇದನ್ನು ಮೊದಲೇ ಅರಿತಿತ್ತು: 2010ರಲ್ಲಿ ಚೀನಾದೊಂದಿಗಿನ ಸೆಂಕಾಕು ದ್ವೀಪಗಳ ಜಗಳದ ವೇಳೆ ಚೀನಾದಿಂದ ಸರಬರಾಜು ನಿಂತುಹೋದ ಬಳಿಕ, 2011ರಲ್ಲೇ ವಿರಳ ಭೂಲೋಹ ತೆಗೆಯುವ ಆಸ್ಟ್ರೇಲಿಯಾದ ಲೈನಸ್ ಕಂಪನಿಗೆ ಹಣ ಒದಗಿಸಿತು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಕಾವು ತಾಳಬಲ್ಲ ಅಯಸ್ಕಾಂತಗಳಿಗೆ ಬೇಕಾದ ಡಿಸ್ಪ್ರೋಸಿಯಂ, ಟರ್ಬಿಯಂ ಮೌಂಟನ್ ಪಾಸ್ ಅದಿರಿನಲ್ಲಿ ತೀರಾ ಕಡಿಮೆ. ಲೈನಸ್ 2025ರ ಮೇ ತಿಂಗಳಲ್ಲಿ ಮಲೇಷ್ಯಾದ ತನ್ನ ಘಟಕದಲ್ಲಿ ಡಿಸ್ಪ್ರೋಸಿಯಂ ಆಕ್ಸೈಡನ್ನು ಬೇರ್ಪಡಿಸಲಾರಂಭಿಸಿದೆ. ಅಮೆರಿಕದ ಸೇನೆಗೆ ಈ ವಿಷಯದಲ್ಲಿ ಸದ್ಯಕ್ಕೆ ಮೌಂಟನ್ ಪಾಸ್‌ಗಿಂತ ಮಲೇಷ್ಯಾವೇ ಹತ್ತಿರ.