ಒಂಬತ್ತು ಸಲ ನೆಗೆಟಿವ್, ಆದರೂ ನಂಬಿಕೆ ಬರುತ್ತಿಲ್ಲ

ಪ್ರಶ್ನೆ: ನನಗೆ 29 ವರ್ಷ. ಹನ್ನೊಂದು ತಿಂಗಳ ಹಿಂದೆ ಒಮ್ಮೆ ಕಾಂಡೋಮ್ ಹರಿದುಹೋಯಿತು. ಆಮೇಲೆ ಅಂಥದ್ದೇನೂ ಆಗಿಲ್ಲ. ಆರನೇ ವಾರದಿಂದ ಕಳೆದ ತಿಂಗಳವರೆಗೆ ಒಂಬತ್ತು ಸಲ ಎಚ್‌ಐವಿ ಪರೀಕ್ಷೆ ಮಾಡಿಸಿದೆ. ಎಲ್ಲವೂ ನೆಗೆಟಿವ್. ಆದರೆ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತದೆ, ಊಟ ಸೇರುತ್ತಿಲ್ಲ, 4 ಕೆ.ಜಿ. ಇಳಿದಿದ್ದೇನೆ. ರಾತ್ರಿ ಮೊಬೈಲ್ ಟಾರ್ಚ್ ಹಾಕಿ ನಾಲಿಗೆ ನೋಡಿಕೊಳ್ಳುತ್ತೇನೆ. ವೈರಸ್ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿ ನನ್ನ ಮೈಯಲ್ಲಿ ಮಾತ್ರ ತಡವಾಗಿ ಬರಬಹುದಾ? ಮದುವೆಗೆ ಹೂಂ ಅನ್ನಲು ಭಯ.

ಉತ್ತರ: ನಿಮಗೆ ಎಚ್‌ಐವಿ ಇಲ್ಲ. ಇದನ್ನು ಕೊನೆಗೆ ಇಟ್ಟರೆ ನಡುವಿನದ್ದನ್ನು ನೀವು ಓದುವುದೇ ಇಲ್ಲ, ಅಲ್ವಾ?

ಈಗಿನ ನಾಲ್ಕನೇ ತಲೆಮಾರಿನ ಲ್ಯಾಬ್ ಪರೀಕ್ಷೆ ಆಂಟಿಬಾಡಿಯ ಜೊತೆಗೆ ವೈರಸ್ಸಿನದೇ ಪಿ24 ಎಂಬ ಪ್ರೋಟೀನನ್ನೂ ಹುಡುಕುತ್ತದೆ. ಸೋಂಕು ತಗುಲಿರಬಹುದಾದ ದಿನದಿಂದ 45 ದಿನ ಕಳೆದರೆ ಅದರ ನೆಗೆಟಿವ್ ನಂಬಲು ಸಾಕು. ಬರೀ ಆಂಟಿಬಾಡಿ ನೋಡುವ ಕಿಟ್ ಆದರೂ 90 ದಿನ. ನೀವು ಎರಡನ್ನೂ ಯಾವತ್ತೋ ದಾಟಿದ್ದೀರಿ. ಆಮೇಲಿನವೆಲ್ಲ ಸುಮ್ನೆ ಸೂಜಿ ಚುಚ್ಚಿಸಿಕೊಂಡದ್ದು.

ಆ ಗಂಟನ್ನು ದಿನಕ್ಕೆ ಎಷ್ಟು ಸಲ ಒತ್ತುತ್ತೀರಿ? ಓದುವ ದಿನಗಳಲ್ಲಿ ನಾನೂ ಹಾಸ್ಟೆಲ್ ಕನ್ನಡಿ ಮುಂದೆ ನಿಂತು ದವಡೆ ಕೆಳಗೆ ಒತ್ತಿ ಒತ್ತಿ, ಗೆಡ್ಡೆ ಬಂತು ಅಂತ ಎರಡು ವಾರ ನಿದ್ದೆಗೆಟ್ಟಿದ್ದೆ. ನೋವು ಬಂದದ್ದು ನನ್ನ ಬೆರಳಿನಿಂದಲೇ. ಗಂಟು, ತೂಕ ಎರಡನ್ನೂ ಒಬ್ಬ ಡಾಕ್ಟರಿಗೆ ಒಂದೇ ಸಲ ತೋರಿಸಿ. ಊಟ ಬಿಟ್ಟವರ ತೂಕ ಇಳಿಯುವುದು ವಿಚಿತ್ರವಲ್ಲ.

ಹತ್ತನೇ ಪರೀಕ್ಷೆ ಬೇಡ. ರಿಪೋರ್ಟ್ ಬಂದ ದಿನ ಹಗುರ, ನಾಲ್ಕನೇ ದಿನ "ಸ್ಯಾಂಪಲ್ ಅದಲುಬದಲಾಗಿದ್ದರೆ?" ಅಂತ ಶುರು. ಹೀಗೇ ತಾನೆ? ಪ್ರತಿ ಪರೀಕ್ಷೆಯೂ ಮನಸ್ಸಿಗೆ "ಏನೋ ಇದೆ, ಅದಕ್ಕೇ ನೋಡಿಸುತ್ತಿದ್ದಾನೆ" ಅಂತ ಕಲಿಸುತ್ತದೆ. ನಿಮಗಿರುವುದು ಆರೋಗ್ಯದ ಆತಂಕ. ಅದೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆ ಇದೆ: ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಬೇಕಾದರೆ ಮಾತ್ರೆ. ಮನೋವೈದ್ಯರ ಬಳಿ ಹೋಗುವಾಗ ಒಂಬತ್ತೂ ರಿಪೋರ್ಟ್ ಒಯ್ಯಬೇಡಿ, ಒಂದು ಸಾಕು. ನಾಲಿಗೆ ನೋಡಬೇಕು ಅನ್ನಿಸಿದಾಗ ಇವತ್ತು ಹತ್ತು ನಿಮಿಷ ತಡ ಮಾಡಿ, ನಾಳೆ ಇಪ್ಪತ್ತು. ಮೊದಮೊದಲು ಭಯ ಜಾಸ್ತಿಯಾಗುತ್ತದೆ. ಆಗಲಿ, ಇಳಿಯುತ್ತದೆ.

ಎಚ್‌ಐವಿ ಕಾರಣಕ್ಕೆ ಮದುವೆ ಮುಂದೂಡಬೇಕಿಲ್ಲ. ನೀವಿಬ್ಬರೂ ಜೊತೆಗೆ ಒಮ್ಮೆ ಪರೀಕ್ಷೆ ಮಾಡಿಸುತ್ತೇವೆ ಅಂದರೆ ನನ್ನ ಅಡ್ಡಿಯಿಲ್ಲ. ಆದರೆ ಅದು ಒಂದೇ ಸಲ.